ದೀರ್ಘ ಕಾಯಿಲೆಗೆ ಮೊಬೈಲ್ ಆಸರೆ: ಏಳು ಸೂತ್ರಗಳು

ಸಕ್ಕರೆ ಕಾಯಿಲೆ, ಕೀಲುನೋವು, ಕಿಡ್ನಿ ತೊಂದರೆ ಒಮ್ಮೆ ಬಂದರೆ ವರ್ಷಗಟ್ಟಲೆ ಜೊತೆಗಿರುತ್ತವೆ. ಚಳ್ಳಕೆರೆ, ಮೊಳಕಾಲ್ಮೂರಿನವರು ತಜ್ಞ ವೈದ್ಯರನ್ನು ಕಾಣಲು ಚಿತ್ರದುರ್ಗಕ್ಕೋ ದಾವಣಗೆರೆಗೋ ಬಳ್ಳಾರಿಗೋ ಬಸ್ಸು ಹತ್ತಬೇಕು. ಒಂದು ಭೇಟಿಯಿಂದ ಇನ್ನೊಂದು ಭೇಟಿಯವರೆಗೆ ಧೈರ್ಯ ತುಂಬಲು ಕೈಯಲ್ಲಿರುವ ಮೊಬೈಲು ಸಾಕು, ಬಳಸುವ ಕ್ರಮ ಗೊತ್ತಿದ್ದರೆ.

1. ಅನುಭವಿಸಿದವರನ್ನು ಹುಡುಕಿ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರು. ನೋವು ಉಂಡವರ ಮಾತಿನ ತೂಕವೇ ಬೇರೆ.

2. ಅಂಥವರೊಂದಿಗೆ ಮೊಬೈಲಿನಲ್ಲಿ ಗ್ರೂಪ್ ಮಾಡಿ, ಅದು ಚಿಕ್ಕದಿರಲಿ. ಒಂದೇ ಕಡೆ ಡಯಾಲಿಸಿಸ್‌ಗೆ ಹೋಗುವ ನಾಲ್ಕಾರು ಮನೆಯವರು ಸೇರಿದರೂ ಸಾಕು. ಯಾವ ಬಸ್ಸು ಹಿಡಿಯಬೇಕು, ಯಾರು ಜೊತೆಗೆ ಬರುತ್ತಾರೆ, ಇನ್ಸುಲಿನ್ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ.

3. ಟೈಪ್ ಮಾಡಲು ಬಾರದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಆಂಧ್ರದ ಗಡಿಯಲ್ಲಿರುವ ಮೊಳಕಾಲ್ಮೂರಿನಲ್ಲಿ ಮಾತಿಗೆ ತೆಲುಗು ಬೆರೆಯುವುದು ಸಹಜ. ಸಂಕೋಚ ಬೇಡ.

4. ಪ್ರಶ್ನೆ ಬಿಡಿಸಿ ಕೇಳಿ. “ಮಂಡಿ ನೋವು, ಏನ್ ಮಾಡ್ಲಿ?” ಎಂದರೆ ಹತ್ತು ಜನ ಹತ್ತು ಎಣ್ಣೆ ಹೇಳುತ್ತಾರೆ. “ಮಗ್ಗದಿಂದ ಏಳುವಾಗ ಮಂಡಿ ಹಿಡಿಯುತ್ತೆ, ನೀವು ಎಷ್ಟು ಹೊತ್ತಿಗೊಮ್ಮೆ ಎದ್ದು ಓಡಾಡ್ತೀರಿ?” ಎಂದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

5. ಫಾರ್ವರ್ಡ್ ನಂಬಿ ಮಾತ್ರೆ ಬಿಡಬೇಡಿ. ಮಧುಮೇಹ ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ನೀರಿನ ಬಗ್ಗೆ ಬರುವ ಫಾರ್ವರ್ಡನ್ನೂ ನಂಬಬೇಡಿ: ನಮ್ಮ ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ಅಪಾಯ. “ಕುದಿಸಿದರೆ ಸರಿಹೋಗುತ್ತದೆ” ಎಂಬ ಮಾತು ಸುಳ್ಳು: ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಇಂಥ ಮೆಸೇಜ್ ಬಂದಾಗ ಊರಿನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ, ಅವರು ಹೇಳಿದ್ದನ್ನು ಗ್ರೂಪಿಗೂ ತಿಳಿಸಿ.

6. ಗುಟ್ಟು ಕಾಪಾಡಿ. ರಿಪೋರ್ಟಿನ ಫೋಟೊ ಹಾಕುವ ಮುನ್ನ ಹೆಸರು, ಫೋನ್ ನಂಬರ್ ಮುಚ್ಚಿ. ಚಿಕಿತ್ಸೆಯ ಹೆಸರಲ್ಲಿ ಯಾರಾದರೂ ಆನ್‌ಲೈನ್‌ನಲ್ಲಿ ಹಣ ಹೊಡೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

7. ಗ್ರೂಪಿನ ಮಿತಿ ತಿಳಿದಿರಲಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ಉತ್ತರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ಮನಸ್ಸು ಕುಸಿದರೆ ಟೆಲಿ-ಮಾನಸ್ 14416 ಇದೆ: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

1930, 108, 14416 ಈ ಮೂರೂ ನಂಬರುಗಳನ್ನು ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿ. ಆಮೇಲೆ ನಿಮ್ಮದೇ ಕಾಯಿಲೆ ಹೊಸದಾಗಿ ಬಂದ ಒಬ್ಬರಿಗೆ “ಹೇಗಿದ್ದೀರಿ?” ಎಂದು ಮೆಸೇಜ್ ಹಾಕಿ. ಗ್ರೂಪ್ ಶುರುವಾಗಲು ಅಷ್ಟು ಸಾಕು.