ಅಡುಗೆಯ ಡಿಜಿಟಲ್ ಥರ್ಮಾಮೀಟರು

ಒಂದೇ ಕೋಣೆಯಲ್ಲಿ ಏಳೆಂಟು ಜನ ಒಂದೇ ಪಾತ್ರೆಯಿಂದ ಉಣ್ಣುವ ನಾವು, ಬಣ್ಣ ನೋಡಿ ಕೋಳಿ ಬೆಂದಿತೆಂದು ನಂಬಬಾರದು. ಒಬ್ಬನ ಅವಸರಕ್ಕೆ ಎಲ್ಲರೂ ಹಾಸಿಗೆ ಹಿಡಿದರೆ ಎಲ್ಲರ ಪಗಾರಕ್ಕೂ ಕುತ್ತು. ದಪ್ಪ ತುಂಡಿನ ನಡುವೆ, ಮೂಳೆಗೆ ತಾಗದಂತೆ ಕಡ್ಡಿ ಚುಚ್ಚಿದರೆ 74 ಡಿಗ್ರಿ ಸೆಲ್ಸಿಯಸ್ ತೋರಬೇಕು.

ತೆಳುತುದಿಯ, ಅಂಕಿ ಸ್ಪಷ್ಟವಾಗಿ ಕಾಣುವ ಮಾಪಕವನ್ನು ಕೊಳ್ಳಿರಿ; ಜ್ವರದ ಥರ್ಮಾಮೀಟರು ಇದಕ್ಕಾಗದು. ತಂದೊಡನೆ ಪರೀಕ್ಷಿಸಿರಿ. ಲೋಟದ ತುಂಬ ಪುಡಿಬರ್ಫ ಹಾಕಿ, ಸ್ವಲ್ಪ ನೀರು ಬೆರೆಸಿ ತುದಿಯಿಟ್ಟರೆ 0 ಬರಬೇಕು. ಕುದಿಯುವ ನೀರಿನಲ್ಲಿ ಮುಂಬಯಿಯಲ್ಲಿ 100 ಬಂದದ್ದು ಪುಣೆಯಲ್ಲಿ ಸುಮಾರು 98 ಬಂದೀತು. ಅದು ಊರಿನ ಎತ್ತರದ ಗುಣ, ಮಾಪಕದ ದೋಷವಲ್ಲ.

ಪ್ರತಿ ಸಲವೂ ಕಡ್ಡಿಯನ್ನು ಸೋಪಿನಿಂದ ತೊಳೆಯಿರಿ. ತಲೆಭಾಗವನ್ನು ನೀರಿನಲ್ಲಿ ಮುಳುಗಿಸಬೇಡಿರಿ. ಊರಿಗೆ ಹೋಗುವಾಗ ಸೆಲ್ಲು ತೆಗೆದಿಡಿರಿ. ಕೈಜಾರಿ ಬಿದ್ದರೆ ಮತ್ತೆ ಬರ್ಫದಲ್ಲಿ ಪರೀಕ್ಷಿಸಿಯೇ ನಂಬೋಣ.