ಟಿಎಂಟಿಗೆ ಹೋಗುವ ಮುನ್ನ
ನಿಮ್ಮ ತಂದೆಯವರಿಗೆ ಅರವತ್ತು, ವಿಜಯನಗರದ ಮನೆಯ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ವೈದ್ಯರು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಬರೆದಿದ್ದಾರೆ ಎಂದಿದ್ದೀರಿ. ಸರಿಯಾಗಿಯೇ ಬರೆದಿದ್ದಾರೆ. ಟ್ರೆಡ್‌ಮಿಲ್‌ನ ವೇಗವೂ ಏರೂ ಸಾಮಾನ್ಯವಾಗಿ 3 ನಿಮಿಷಕ್ಕೊಮ್ಮೆ ಹೆಚ್ಚುತ್ತವೆ. ಅವರ ವಯಸ್ಸಿಗೆ ನಾಡಿಬಡಿತ ನಿಮಿಷಕ್ಕೆ ಸುಮಾರು 136 ಮುಟ್ಟಬೇಕು. ಎದೆನೋವು, ತಲೆಸುತ್ತು ಬಂದರೆ ಸಂಕೋಚಪಡದೆ ತಕ್ಷಣ ಹೇಳಲಿ. ಪರೀಕ್ಷೆಗೆ ಹಿಂದಿನ 3 ಗಂಟೆ ಊಟ ಬೇಡ, ಆ ದಿನ ಕಾಫಿಯೂ ಬೇಡ. ಬಿಪಿ ಮಾತ್ರೆ ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು. ಮಂಡಿನೋವಿನಿಂದ ನಡೆಯಲಾಗದಿದ್ದರೆ, ನಾಡಿಬಡಿತ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟು ಎಕೋ (ಹೃದಯದ ಸ್ಕ್ಯಾನ್) ಮಾಡುವ ದಾರಿಯಿದೆ.

ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಟಿಎಂಟಿ ನಾರ್ಮಲ್ ಬಂದರೂ ಮುಂದೆ ಹೃದಯಾಘಾತ ಆಗದೆಂಬ ಖಾತರಿಯಿಲ್ಲ. ಪಾಸಿಟಿವ್ ಬಂದವರಿಗೆಲ್ಲ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇರುವುದೂ ಇಲ್ಲ. ಕುಳಿತಲ್ಲೇ ಎದೆನೋವು ಬಂದರೆ ಮಾತ್ರ ಟಿಎಂಟಿ ದಿನಕ್ಕೆ ಕಾಯಬೇಡಿ, ಕೂಡಲೇ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.