ಸೇವೆಗೆ ಹೊರಟವರ ಪಾಲಿಸಿ

ವಿಮಾನದ ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಪುಟ್ಟ ಚೌಕ ಕಾಣಿಸುತ್ತದೆ, ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಎಂದು. ಟಿಕ್ ಹಾಕಿದರೆ ಒಂದಿಷ್ಟು ದುಡ್ಡು ಸೇರಿಕೊಳ್ಳುತ್ತದೆ, ಒಂದು ಕೆಲಸ ಮುಗಿಯಿತು ಅನ್ನಿಸುತ್ತದೆ. ಆ ಪಾಲಿಸಿ ಬರೆದಿರುವುದು ಊರು ನೋಡಿಕೊಂಡು, ಹೋಟೆಲಿನಲ್ಲಿ ಉಳಿದು ವಾಪಸಾಗುವ ಪ್ರವಾಸಿಗೆ. ಹೊರದೇಶಕ್ಕೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವವರಿಗೂ ಗೋಡೆ ಎಬ್ಬಿಸುವವರಿಗೂ ಅದು ಸಲ್ಲುತ್ತದೆಯೇ ಎಂಬುದು ಒಳಪುಟಗಳಲ್ಲಿರುತ್ತದೆ. ಸೇವೆಗೆಂದು ಹೊರಡುವ ಯಾರೇ ಸಲಹೆ ಕೇಳಿದರೂ ನಾನು ಮೊದಲು ಹೇಳುವುದು ಇಷ್ಟೇ: ಅಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ಕೀನ್ಯಾದ ಕಿಸುಮು ಸಮೀಪದ ಒಂದು ಹಳ್ಳಿ ಶಾಲೆಗೆ ನಾವು ನಾಲ್ವರು ಹೊರಟಾಗ ಈ ಕೆಲಸ ನನ್ನ ಪಾಲಿಗೆ ಬಂತು. ಹಾಸನದಿಂದ ನಾನು, ಶಾಲೆಯ ಲೆಕ್ಕಪತ್ರ ಸರಿಪಡಿಸಿ ಕಲಿಸಿಕೊಡಲು. ಚನ್ನರಾಯಪಟ್ಟಣದಿಂದ ನಿವೃತ್ತ ಗಣಿತ ಮೇಷ್ಟ್ರು. ಅರವತ್ತು ದಾಟಿದವರು, ಬಿಪಿ, ಶುಗರ್ ಎರಡೂ ಇವೆ. ಅರಕಲಗೂಡಿನಿಂದ ಒಬ್ಬ ನರ್ಸ್ ಹುಡುಗಿ, ಶಾಲೆಯ ಪಕ್ಕದ ಕ್ಲಿನಿಕ್ಕಿಗೆ. ಹೊಳೆನರಸೀಪುರದಿಂದ ಒಬ್ಬ ಗಾರೆ ಮೇಸ್ತ್ರಿ, ಮಕ್ಕಳ ಶೌಚಾಲಯ ಕಟ್ಟಲು. ಹೋಗುವ ಊರು, ತಾರೀಖು ನಾಲ್ವರಿಗೂ ಒಂದೇ. ಆದರೆ ಒಂದೇ ಪಾಲಿಸಿ ನಾಲ್ವರಿಗೂ ಆಗುವಂತಿರಲಿಲ್ಲ.

ಮೇಷ್ಟ್ರು ಮೊದಲ ದಿನವೇ ಕೇಳಿದರು, "ನಂಗೆ ಯಶಸ್ವಿನಿ ಕಾರ್ಡ್ ಐತಲ್ಲಪ್ಪ, ಮತ್ಯಾಕೆ ಇನ್ನೊಂದು?" ನಮ್ಮ ಕಡೆ ಹಾಲಿನ ಡೇರಿ ಸದಸ್ಯರಿರುವ ಮನೆಗಳಲ್ಲಿ ಈ ಪ್ರಶ್ನೆ ಸಹಜ. ಸಹಕಾರ ಸಂಘಗಳ ಸದಸ್ಯರಿಗಿರುವ ಈ ಆರೋಗ್ಯ ಯೋಜನೆ 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದಾಗ ಎಷ್ಟೋ ಮನೆಗಳಿಗೆ ಧೈರ್ಯ ಬಂದದ್ದು ನಿಜ. ಆದರೆ ಅದು ನಡೆಯುವುದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ. ಆಯುಷ್ಮಾನ್ ಕಾರ್ಡೂ ಹೊರದೇಶದಲ್ಲಿ ನಡೆಯುವುದಿಲ್ಲ. ನಾವು ವರ್ಷಾವರ್ಷ ಕಟ್ಟುವ ಸಾಮಾನ್ಯ ಆರೋಗ್ಯ ವಿಮೆಗಳ ವ್ಯಾಪ್ತಿಯೂ ಬಹುಪಾಲು ಭಾರತದ ಒಳಗೇ ನಿಲ್ಲುತ್ತದೆ.

ಮೇಷ್ಟ್ರಿಗೆ ಸಿಕ್ಕ ಇನ್ನೊಂದು ಸಲಹೆ ಇದಕ್ಕಿಂತ ಅಪಾಯದ್ದು. ಶುಗರ್ ವಿಷಯ ಬರೆಯಬೇಡಿ, ಪ್ರೀಮಿಯಂ ಏರುತ್ತದೆ ಎಂದು ಪರಿಚಯದ ಏಜೆಂಟರೊಬ್ಬರು ಹೇಳಿದ್ದರು. ಮುಚ್ಚಿಟ್ಟದ್ದು ಗೊತ್ತಾದ ದಿನ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು; ಆಗ ಶುಗರಿಗೆ ಸಂಬಂಧವೇ ಇಲ್ಲದ ಕೈಮುರಿತದ ಬಿಲ್ಲೂ ನಮ್ಮ ತಲೆ ಮೇಲೆಯೇ. ಎಲ್ಲವನ್ನೂ ಬರೆದೆವು. ಪ್ರೀಮಿಯಂ ಏರಿತು, ಕಟ್ಟಿದೆವು. ಅಷ್ಟಾದರೂ ಮೊದಲೇ ಇರುವ ಕಾಯಿಲೆಗೆ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಕೊಡುವುದು ಜೀವಕ್ಕೆ ಕುತ್ತು ಬಂದಾಗಿನ ತುರ್ತು ಚಿಕಿತ್ಸೆಗೆ ಮಾತ್ರ, ಅದೂ ಸ್ಥಿತಿ ಹತೋಟಿಗೆ ಬರುವವರೆಗೆ. ದಿನದ ಮಾತ್ರೆ, ಚೆಕಪ್ ಅದರಲ್ಲಿ ಬರುವುದಿಲ್ಲ. ಹಾಗಾಗಿ ಮೇಷ್ಟ್ರು ಹೋಗುವ ದಿನಗಳಿಗೆ ಸಾಕಾಗಿ ಮಿಗುವಷ್ಟು ಮಾತ್ರೆ ತೆಗೆದುಕೊಂಡರು. ಡಾಕ್ಟರ ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿ ಕೈಚೀಲದಲ್ಲೇ ಇಟ್ಟುಕೊಂಡರು.

ಹೆಚ್ಚು ಹೊತ್ತು ಹಿಡಿದದ್ದು ಮೇಸ್ತ್ರಿಯ ಪಾಲಿಸಿ. ಒಂದು ಕಂಪನಿಯ ನಿಯಮಾವಳಿಯಲ್ಲಿ, ಏನೇನು ಸೇರಿಲ್ಲ ಎಂಬ ಉದ್ದನೆಯ ಪಟ್ಟಿಯ ಮಧ್ಯೆ, ಕೈಕೆಲಸ ಮತ್ತು ಅಪಾಯದ ವೃತ್ತಿಯಿಂದ ಆದ ಗಾಯ ಎಂಬ ಒಂದೇ ಒಂದು ಸಾಲಿತ್ತು. ಅದನ್ನು ಓದಿ ಹೇಳಿದಾಗ ಮೇಸ್ತ್ರಿ ಕೇಳಿದ: "ಗಾರೆ ಕೆಲ್ಸ ಮಾಡೋಕೇ ತಾನೇ ಸಾರ್ ನಾನು ಹೋಗ್ತಿರೋದು? ಅದ್ನೇ ಬ್ಯಾಡ ಅಂದ್ರೆ ಹೆಂಗೆ?" ಅವನ ಮಾತಿನಲ್ಲಿ ನ್ಯಾಯವಿತ್ತು. ಆ ಕಂಪನಿಯ ಕಾಲ್ ಸೆಂಟರಿನಲ್ಲಿ "ಎಲ್ಲಾ ಕವರ್ ಆಗುತ್ತೆ ಸಾರ್" ಎಂದರು. ಅದನ್ನೇ ಇಮೇಲಿನಲ್ಲಿ ಕೊಡಿ ಎಂದು ಕೇಳಿದೆ, ಉತ್ತರ ಬರಲಿಲ್ಲ. ಇನ್ನೊಂದು ಕಂಪನಿಗೆ ಕೆಲಸದ ವಿವರವನ್ನೆಲ್ಲ ಬಿಡಿಸಿ ಬರೆದೆ: ಪಾಯ, ಗೋಡೆ, ಶೀಟಿನ ಮಾಡು, ಯಂತ್ರ ಯಾವುದೂ ಇಲ್ಲ. ನೆಲದ ಮಟ್ಟದ ಕೆಲಸ, ಉಸ್ತುವಾರಿ, ತರಬೇತಿ ಆಗಬಹುದು; ಸಾರುವೆ ಹತ್ತುವುದು, ಎತ್ತರದ ಕೆಲಸ ಇಲ್ಲ ಎಂದು ಅವರು ಬರಹದಲ್ಲಿ ಉತ್ತರ ಕೊಟ್ಟರು. ಪ್ರೀಮಿಯಂ ಮೊದಲನೆಯದಕ್ಕಿಂತ ಹೆಚ್ಚು. ಅದನ್ನೇ ಆರಿಸಿದೆವು, ಕೆಲಸವನ್ನೂ ಅದಕ್ಕೆ ತಕ್ಕಂತೆ ಹಂಚಿದೆವು. ಪಾಯ, ಕೆಳಗಿನ ವರಸೆಗಳು, ಗುಂಡಿಯ ಕಟ್ಟಡ ಮೇಸ್ತ್ರಿಯದು. ಮೇಲಿನ ವರಸೆ, ಮಾಡು ಅಲ್ಲಿನ ಗಾರೆಯವರದು; ಇವನು ಕೆಳಗೆ ನಿಂತು ತೂಕದ ಗುಂಡು ಹಿಡಿದು ಹೇಳಿಕೊಟ್ಟ. ಕೂಲಿಯೂ ಅಲ್ಲಿನವರಿಗೇ ಸಿಕ್ಕಿತು, ಶಾಲೆಗೆ ಅದೇ ಒಳ್ಳೆಯದಾಯಿತು ಎಂದು ನನ್ನ ಭಾವನೆ.

ಇದರ ಜೊತೆಗೆ ನೋಡಬೇಕಾದದ್ದು ಅನುಮತಿ. ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ಪ್ರವಾಸಿಯ ಅನುಮತಿಯಲ್ಲಿ ಹೋಗಿ ಸಂಬಳವಿಲ್ಲದ ಕೆಲಸವಾದರೂ ಮಾಡಬಹುದೆಂದು ನಾವೇ ಅಂದುಕೊಳ್ಳಬಾರದು. ಕರೆದ ಸಂಸ್ಥೆಯೇ ಅಲ್ಲಿನ ವಲಸೆ ಇಲಾಖೆಯಿಂದ ಅಗತ್ಯವಾದ ಅನುಮತಿ ತೆಗೆದುಕೊಡಲಿ. ಕಾನೂನು ಮೀರಿ ಇದ್ದಾಗ ಆದ ಅವಘಡಕ್ಕೆ ವಿಮೆ ಕಂಪನಿ ಬೆನ್ನು ತಿರುಗಿಸಬಹುದು. ಕರೆದ ಸಂಸ್ಥೆಯೇ ವಿಮೆ ಕೊಡುವುದೂ ಉಂಟು: ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯಲ್ಲಿ ಹೋಗುವವರಿಗೆ ವೈದ್ಯಕೀಯ ವಿಮೆಯನ್ನು ಆ ಯೋಜನೆಯೇ ಕೊಡುತ್ತದೆ. ಸಣ್ಣ ಸಂಸ್ಥೆಗಳು "ಇನ್ಶೂರೆನ್ಸ್ ಇದೆ" ಎಂದರೆ ಅದರ ಪ್ರತಿ ಕೇಳಿ. ಎಷ್ಟೋ ಸಲ ಅದು ಸಂಸ್ಥೆಯ ಮೇಲೆ ಬೀಳಬಹುದಾದ ಹೊಣೆಗೆ ಮಾಡಿಸಿದ್ದಾಗಿರುತ್ತದೆ, ನಮ್ಮ ಆಸ್ಪತ್ರೆ ಖರ್ಚಿಗಲ್ಲ.

ನರ್ಸ್ ಹುಡುಗಿಯ ಚಿಂತೆ ಸೂಜಿಯದು. ರಕ್ತವಿದ್ದ ಸೂಜಿ ಕೈಗೆ ಚುಚ್ಚಿದರೆ ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ವಿಮೆ ಕಂಪನಿಯ ಒಪ್ಪಿಗೆಗೆ ಕಾಯುತ್ತ ಕೂರುವ ವಿಷಯವಲ್ಲ ಇದು. ಆ ಕ್ಲಿನಿಕ್ಕಿನಲ್ಲೇ ಮಾತ್ರೆ ಇದೆಯೇ ಎಂದು ಹೊರಡುವ ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಳು. ಅವಳ ಕೈಯಿಂದ ರೋಗಿಗೆ ತೊಂದರೆಯಾದರೆ? ಪಾಲಿಸಿಯಲ್ಲಿರುವ ವೈಯಕ್ತಿಕ ಹೊಣೆಗಾರಿಕೆ ಎಂಬ ಭಾಗ ವೃತ್ತಿಯ ಲೋಪವನ್ನು ಹೊರಗಿಡುತ್ತದೆ. ಆದ್ದರಿಂದ ಆ ಹೊಣೆ ತಮ್ಮದೆಂದು ಕ್ಲಿನಿಕ್ಕಿನವರಿಂದಲೇ ಪತ್ರ ಬರೆಸಿಕೊಂಡೆವು.

ಹಳದಿ ಜ್ವರದ ಲಸಿಕೆಯ ಖರ್ಚನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಕೊಡುವುದಿಲ್ಲ, ಆದರೆ ಬಜೆಟ್ಟಿನಲ್ಲಿ ಅದು ಮೊದಲು ಬರಬೇಕು. ಪ್ರಮಾಣಪತ್ರ ಊರ್ಜಿತವಾಗಲು ಲಸಿಕೆ ಹಾಕಿಸಿ 10 ದಿನ ಆಗಬೇಕು. 2016ರ ಜುಲೈಯಿಂದ ಅದು ಜೀವಮಾನಪೂರ್ತಿ ನಡೆಯುತ್ತದೆ. ಕೀನ್ಯಾದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ನಮ್ಮ ದೇಶದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಹೆಚ್ಚು, ಆದ್ದರಿಂದ ಮೇಷ್ಟ್ರು ಡಾಕ್ಟರ ಹತ್ತಿರ ಕೂತು ಮಾತಾಡಿದ ಮೇಲೆಯೇ ಹಾಕಿಸಿಕೊಂಡರು.

ಇನ್ನು ಮೊತ್ತ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ, ಆ ಅಂಕಿ ಎಲ್ಲರ ಬಾಯಲ್ಲಿದೆ. ಹಳ್ಳಿಗೆ ಹೋಗುವವರು ಒಟ್ಟು ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ರೋಗಿಯನ್ನು ಸಾಗಿಸುವ ಖರ್ಚು. ಕಿಸುಮುವಿನಿಂದ ನೈರೋಬಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ತಲೆಗೆ ಪೆಟ್ಟು ಬಿದ್ದವರನ್ನು ಅಷ್ಟು ದೂರ ಕಾರಿನಲ್ಲಿ ಒಯ್ಯಲಾಗದು, ವಿಮಾನ ಬೇಕು. ನೈರೋಬಿಯಿಂದ ಇಂಥ ಸೇವೆ ಕೊಡುವ ಫ್ಲೈಯಿಂಗ್ ಡಾಕ್ಟರ್ಸ್ 1957ರಲ್ಲೇ ಶುರುವಾದದ್ದು. ಆ ಸಾಗಾಟ ಒಟ್ಟು ಮೊತ್ತದೊಳಗೇ ಸೇರಿದೆಯೇ, ಅದಕ್ಕೆ ಬೇರೆ ಮಿತಿ ಇದೆಯೇ, ಕರೆಸುವ ಮೊದಲು ಯಾರ ಒಪ್ಪಿಗೆ ಬೇಕು, ಈ ಮೂರಕ್ಕೆ ಉತ್ತರ ಸಿಗುವವರೆಗೆ ನಾನು ಹಣ ಕಟ್ಟಲಿಲ್ಲ. ಸಹಾಯವಾಣಿಯ ಸಂಖ್ಯೆಯನ್ನು ನಾಲ್ವರ ಪಾಸ್‌ಪೋರ್ಟ್ ಕವರಿನಲ್ಲೂ ಬರೆದಿಟ್ಟೆ. ಮನೆಯವರಿಗೂ, ಶಾಲೆಯ ಹೆಡ್‌ಮಾಸ್ಟರಿಗೂ ಕೊಟ್ಟೆವು.

ಪಾಲಿಸಿಯಲ್ಲಿ ಯುದ್ಧದ ಬಗ್ಗೆ ಇರುವ ಸಾಲನ್ನೂ ಓದಿ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನ ಹಲವರು ಅಲ್ಲಿ ಸಿಕ್ಕಿಬಿದ್ದಿದ್ದರು. ನಮ್ಮ ಜಿಲ್ಲೆಯ ಅಂಗಡಿಹಳ್ಳಿಯಲ್ಲೂ ಅದೇ ಸಮುದಾಯದವರಿದ್ದಾರೆ, ಆ ದಿನಗಳ ಆತಂಕ ಇಲ್ಲಿಗೆ ದೂರದ್ದಾಗಿರಲಿಲ್ಲ. ಆಗ ಜನರನ್ನು ಕರೆತಂದದ್ದು ಸರ್ಕಾರದ ಆಪರೇಷನ್ ಕಾವೇರಿ. ಯುದ್ಧದಿಂದಾದ ನಷ್ಟವನ್ನು ಪ್ರವಾಸ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆದ್ದರಿಂದ ಹೋಗುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಪಾಲಿಸಿಯಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಕಿಸುಮುವಿನಲ್ಲಿ ಮಲೇರಿಯಾ ಹೆಚ್ಚು. ಸೊಳ್ಳೆಪರದೆ, ಮಾತ್ರೆ ಎಲ್ಲ ಇದ್ದರೂ ನರ್ಸ್ ಹುಡುಗಿಗೇ ಜ್ವರ ಬಂತು. ಬೆಳಗಾಗುವುದರೊಳಗೆ ರಕ್ತಪರೀಕ್ಷೆ, ಮಲೇರಿಯಾ ಎಂದಾಯಿತು, ಮಾತ್ರೆಯಲ್ಲೇ ವಾಸಿಯಾಯಿತು. ಪಾಲಿಸಿಯಲ್ಲಿ 100 ಡಾಲರ್ ಡಿಡಕ್ಟಿಬಲ್ ಇತ್ತು, ಅಂದರೆ ಅಷ್ಟರವರೆಗಿನ ಖರ್ಚು ನಮ್ಮದೇ. ಬಿಲ್ಲು ಅಲ್ಲಿಯವರೆಗೆ ಮುಟ್ಟಲೇ ಇಲ್ಲ, ಪೂರ್ತಿ ಕೈಯಿಂದ ಕೊಟ್ಟೆವು. ಇಂಥದ್ದಕ್ಕೆಂದು ಪ್ರತಿಯೊಬ್ಬರ ಹೆಸರಿನಲ್ಲೂ ಸ್ವಲ್ಪ ನಗದು ತೆಗೆದಿಟ್ಟಿದ್ದರಿಂದ ತಡಕಾಡಬೇಕಾಗಲಿಲ್ಲ. ಡಿಡಕ್ಟಿಬಲ್ ಇಲ್ಲದ ಪಾಲಿಸಿಗೆ ಜಾಸ್ತಿ ಪ್ರೀಮಿಯಂ ಕೊಡುವುದಕ್ಕಿಂತ ಈ ನಗದೇ ವಾಸಿ ಎಂಬುದು ನನ್ನ ಲೆಕ್ಕ. ವಿಮೆ ಬೇಕಾಗುವುದು ನಮ್ಮ ಕೈಮೀರಿದ ದೊಡ್ಡ ಬಿಲ್ಲಿಗೆ.

ಆಸ್ಪತ್ರೆ ಸೇರುವಂತಾದರೆ ಬಿಡುಗಡೆಗೆ ಮೊದಲೇ ವಿವರವಾದ ಬಿಲ್, ಹಣ ಕಟ್ಟಿದ ರಸೀದಿ, ಪರೀಕ್ಷೆಯ ವರದಿ, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಕೇಳಿ ತೆಗೆದುಕೊಳ್ಳಬೇಕು; ಊರಿಗೆ ಬಂದ ಮೇಲೆ ತರಿಸುವುದು ಬಲು ಕಷ್ಟ. ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರಿನ ಪುಟ ಕೂಡ ಜೊತೆಗಿರಲಿ. ವಾಸ್ತವ್ಯ ಮುಂದುವರಿಸುವುದಿದ್ದರೆ ಪಾಲಿಸಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ವರ್ಷದೊಳಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೊರಡುವ ಮೊದಲು ಕಂಪನಿಯಿಂದ ಬರಹದಲ್ಲಿ ತರಿಸಿಕೊಂಡ ಉತ್ತರ ಅಲ್ಲಿ ನಿಮ್ಮ ಪರ ಸಾಕ್ಷಿಯಾಗುತ್ತದೆ.